ಪೇಂಟ್ ಡಬ್ಬಿಯ ನಿಂಬೆಗಿಡ

ಹಣ್ಣು ತಿಂದು ಬೀಜ ಎಸೆಯುವ ಸ್ವಾತಂತ್ರ್ಯ ಶಹಾಪುರದ ನಮ್ಮ ಬಾಡಿಗೆ ಮನೆಯಲ್ಲಿ ಯಾರಿಗೂ ಇಲ್ಲ. ನನ್ನ ಹೆಂಡತಿ ಪ್ರತಿಯೊಂದನ್ನೂ ಛತ್ತಿನ ಮೇಲಿನ ಖಾಲಿ ಪೇಂಟ್ ಡಬ್ಬಿಗಳಲ್ಲಿ ಊರುತ್ತಾಳೆ. ಹೀಗಾಗಿ ನಮ್ಮಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಬೀಗರ ಬೀಜ

ನಾದಿನಿಯನ್ನು ನೋಡಲು ಕೆಂಭಾವಿಯಿಂದ ಗಂಡಿನವರು ಬಂದಿದ್ದರು. ಸೀತಾಫಲ ಕೊಟ್ಟೆವು. ಹುಡುಗನ ತಂದೆ ನಗುವುದನ್ನೇ ಮರೆತಂಥ ಮನುಷ್ಯ. ನನ್ನ ಹೆಂಡತಿ ಅವರ ಮುಂದೆಯೇ ತಟ್ಟೆ ಹಿಡಿದು, "ಬೀಜ ಕಡೀಬ್ಯಾಡ್ರಿ, ಇದರಾಗ ಉಗುಳ್ರಿ" ಎಂದಳು. ಸಂಬಂಧ ಮುರಿಯಿತೆಂದುಕೊಂಡೆ. ಅವರು ನಿಧಾನವಾಗಿ ಉಗುಳಿ ಹೇಳಿದರು: "ಹುಡುಗಿ ಒಪ್ಪಿಗಿ ಐತ್ರಿ. ಆದ್ರ ಇವು ಹುಟ್ಟಿದ್ರ ಒಂದು ಸಸಿ ನನಗ ಕೊಡಬೇಕು. ಬೀಜ ನಂದು!"

ಆಡಿನ ನಾಚಿಕೆ

ಬಾರಿಹಣ್ಣಿನ, ಅಂದರೆ ಬೋರೆಹಣ್ಣಿನ, ಬೀಜ ಬಲು ಗಟ್ಟಿ, ಸುಲಭಕ್ಕೆ ಮೊಳೆಯುವುದಿಲ್ಲ. ಆಡು ತಿಂದು, ಮೆಲುಕು ಹಾಕಿ ಉಗುಳಿದ ಬೀಜವಾದರೆ ಬೇಗ ಹುಟ್ಟುತ್ತದೆ ಎಂದು ಮುದನಾಳದಲ್ಲಿ ಆಡು ಸಾಕಿರುವ ಮಾವ ಹೇಳಿದರು. ಇವಳು ಭಾನುವಾರ ಇಡೀ ದಿನ ಹಟ್ಟಿಯಲ್ಲಿ ಆಡಿನ ಬಾಯಿಗೆ ಅಂಗೈ ಒಡ್ಡಿ ಕೂತಳು.

"ಯಪ್ಪಾ, ಇದು ಒಂದೂ ಉಗುಳವಲ್ದು!"

"ನೀ ಹಂಗ ಮಾರಿ ನೋಡ್ಕೋತ ಕುಂತ್ರ ಅದಕ್ಕೂ ನಾಚಿಕಿ ಬರ್ತೈತಿ. ಈಚಿ ಬಾ!" ಎಂದರು ಮಾವ.

ನಿಂಬೆ

ನಿಂಬೆಯ ಬೀಜದಿಂದ ಎಬ್ಬಿಸಿದ ಗಿಡ ಆರು ವರ್ಷಕ್ಕೆ ಎದೆಯುದ್ದ ಬೆಳೆದಿತ್ತು, ಕಾಯಿ ಮಾತ್ರ ಬಿಟ್ಟಿರಲಿಲ್ಲ. ಕೆಳಗಿನ ಮನೆಯಲ್ಲೇ ಇರುವ ಮಾಲೀಕರು ಓಣಿಯವರೆಲ್ಲರ ಎದುರು ಸಾರಿಬಿಟ್ಟರು: "ಛತ್ತು ಹಾಳಾಗಾಕತ್ತೈತಿ. ದೀಪಾವಳಿ ಒಳಗ ಒಂದಾದ್ರೂ ಹಣ್ಣು ತೋರಸ್ರಿ. ಇಲ್ಲಂದ್ರ ಎಲ್ಲಾ ಡಬ್ಬಿ ಕೆಳಗ!"

ಇವಳು ಜಗಳವಾಡಲಿಲ್ಲ. ಕುರಿಗೊಬ್ಬರ ಹಾಕಿದಳು, ತನ್ನ ಒಳ್ಳೆಯ ಸೀರೆಯನ್ನೇ ಕಟ್ಟಿ ಗಿಡಕ್ಕೆ ನೆರಳು ಮಾಡಿದಳು. ಅಷ್ಟು ತಾಳ್ಮೆ ನನಗೆ ಏಳು ಜನ್ಮಕ್ಕೂ ಬಾರದು. ಆದರೂ ಕಾಯಿ ಬಿಡಲಿಲ್ಲ. ಹಬ್ಬದ ಹಿಂದಿನ ದಿನ ಸಂತೆಯಿಂದ ಒಂದು ನಿಂಬೆಹಣ್ಣು ತಂದು, ಬಿಳಿ ದಾರದಿಂದ ಗಿಡಕ್ಕೆ ಕಟ್ಟಿಬಿಟ್ಟೆ.

ಮರುದಿನ ನಾನೂ ಇವಳೂ ಮಾಲೀಕರ ಜೊತೆ ಮೇಲೆ ಹತ್ತಿದರೆ ಗಿಡದಲ್ಲಿ ಎರಡು ಹಣ್ಣು! ಒಂದಕ್ಕೆ ನನ್ನ ಬಿಳಿ ದಾರ, ಇನ್ನೊಂದಕ್ಕೆ ಕೆಂಪು. ನನಗಿಂತ ಮೊದಲು ಮಾಲೀಕರೇ ಬಾಯಿಬಿಟ್ಟರು: "ಎರಡು ಹ್ಯಾಂಗಾದ್ವು? ನಾ ಕಟ್ಟಿದ್ದು ಒಂದ!"

ಆಮೇಲೆ ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದರು. "ಮಂದಿ ಮುಂದ ಅಂದುಬಿಟ್ಟಿದ್ದೆ, ವಾಪಸ್ ತಗೋಳಾಕ ಬರಲಿಲ್ಲ. ಸಂಜಿಕ ಈ ಗಿಡದ ಬಾಜೂಕ ಕುಂತ್ರ ನನಗೂ ಜೀವಕ್ಕ ತಂಪರೀ."

ಹೆಂಡತಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ಎರಡೂ ಹಣ್ಣು ಬಿಚ್ಚಿಕೊಂಡು ಹೋಗಿ ಶರಬತ್ತು ಮಾಡಿ ತಂದಳು, ಜೊತೆಗೊಂದು ತಟ್ಟೆ. "ಸೋಸಿಲ್ರಿ. ಇಬ್ರೂ ಬೀಜ ಇದರಾಗ ಉಗುಳ್ರಿ."

ಮಾಲೀಕರು ವಿಧೇಯರಾಗಿ ನಾಲ್ಕು ಬೀಜ ಉಗುಳಿ ಕೇಳಿದರು: "ಖಾಲಿ ಡಬ್ಬಿ ಅದಾವೇನ್ ತಂಗಿ, ಇಲ್ಲಾ ನಮ್ಮನ್ಯಾಗಿಂದು ತರ್ಲಿ?"