ಫಕ್ಕೀರಸಾಬರ ವಾಲ್ವ್ ಪೆಟ್ಟಿಗೆ

ರಾಣೆಬೆನ್ನೂರಿನ ಶಂಭು ಮೆಲೋಡೀಸ್ ಆರ್ಕೆಸ್ಟ್ರಾಕ್ಕೆ ಬೆಂಗಳೂರಿನಿಂದ ಒಂದು ಗಿಟಾರ್ ಪೆಡಲ್ ಬಂದದ್ದೇ ದುರುಗೇಶನಿಗೆ ಶನಿ ವಕ್ಕರಿಸಲು ನೆಪವಾಯಿತು. ಊಟದ ಡಬ್ಬಿಯಷ್ಟು ಗಾತ್ರದ ಸಾಮಾನು. ಕಾಲಿನಿಂದ ಗುಂಡಿ ಒತ್ತಿದರೆ ಕೆಂಪು ಅಂಕಿ ಹೊತ್ತಿಕೊಳ್ಳುತ್ತಿತ್ತು. ಒಂದೊಂದು ಅಂಕಿಗೆ ಒಂದೊಂದು ವಿಲಾಯತಿ ಆಂಪ್ಲಿಫೈಯರಿನ ದನಿ. ಆ ಆಂಪ್ಲಿಫೈಯರುಗಳನ್ನು ಕೊಳ್ಳುವುದಿರಲಿ, ಕಣ್ಣಿಂದ ಕಂಡವರೂ ನಮ್ಮ ಕಡೆ ಇರಲಿಲ್ಲ. ಹಾಗಾಗಿ ಡಬ್ಬಿ ಅವುಗಳ ದನಿಯನ್ನು ಸರಿಯಾಗಿ ತೆಗೆಯುತ್ತಿದೆಯೋ ಇಲ್ಲವೋ ಎಂದು ಕೇಳುವವರೂ ಇರಲಿಲ್ಲ.

ಆರ್ಕೆಸ್ಟ್ರಾದ ಮಾಲೀಕ ಶಂಭುಲಿಂಗ ಅದನ್ನು ಹೊಸ ಮೊಮ್ಮಗನಂತೆ ತೊಡೆಯ ಮೇಲೆ ಇಟ್ಟುಕೊಂಡು, ಗಿಟಾರ್ ಬಾರಿಸುವ ದುರುಗೇಶನಿಗೆ ಹೇಳಿದ: "ನಾಳೆ ಹಾವೇರ್ಯಾಗ ಉಡಚಪ್ಪ ಸಾವ್ಕಾರ್ರ ಮಗಳ ಮದುವಿ ಪ್ರೋಗ್ರಾಮ್ ಐತಲ್ಲ, ಇದ್ರಾಗ ಬಾರ್ಸು. ಆ ವಾಲ್ವ್ ಪೆಟ್ಟಿಗಿ ಬ್ಯಾಡ. ಟೆಂಪೋದಾಗ ಅದೊಂದ ಒಬ್ಬ ಮನಷ್ಯಾನ ಜಾಗಾ ತಿಂತೈತಿ. ನಾಡಿದ್ದು ಗುಜರಿಗೆ ಹಾಕಿಬಿಡೂನು."

ಗಿಟಾರಿನ ದನಿ ದೊಡ್ಡದು ಮಾಡುವ ಆ ಪೆಟ್ಟಿಗೆ ಶಂಭುಲಿಂಗನ ತಂದೆಯ ಕಾಲದ್ದು. ಬ್ಯಾಡಗಿಯ ರೇಡಿಯೋ ರಿಪೇರಿ ಫಕ್ಕೀರಸಾಬರು ಹಳೇ ರೇಡಿಯೋಗಳಿಂದ ಕಿತ್ತ ವಾಲ್ವುಗಳನ್ನು ಕೂಡಿಸಿ ಆರ್ಕೆಸ್ಟ್ರಾಕ್ಕೆಂದೇ ಕಟ್ಟಿಕೊಟ್ಟದ್ದು. ಸ್ವಿಚ್ ಹಾಕಿದೊಡನೆ ಹಾಡುವ ಜಾತಿಯಲ್ಲ. ಒಳಗಿನ ಗಾಜಿನ ವಾಲ್ವುಗಳು ನಿಧಾನಕ್ಕೆ ಕಾಯಬೇಕು, ಮಂದವಾಗಿ ಕೆಂಪಾಗಬೇಕು, ಪೆಟ್ಟಿಗೆ ಒಮ್ಮೆ ಗುಂಯ್ ಎನ್ನಬೇಕು; ಆಮೇಲೆ ತಂತಿ ಮುಟ್ಟಿದರೆ ದನಿ ಬೆಲ್ಲದ ಪಾಕದ ಹಾಗೆ ಎಳೆಯೆಳೆಯಾಗಿ ಬರುತ್ತಿತ್ತು. ದುರುಗೇಶನಿಗೆ ಗಿಟಾರ್ ಹಿಡಿಯಲು ಕಲಿಸಿದವರೂ ಫಕ್ಕೀರಸಾಬರೇ. ಹೋದ ಮಳೆಗಾಲದಲ್ಲಿ ಪೆಟ್ಟಿಗೆ ಕೆಟ್ಟಾಗ ಜ್ವರದಲ್ಲೇ ಎದ್ದು ಕೂತು ರಿಪೇರಿ ಮಾಡಿದ್ದರು. "ನಾ ಸತ್ರೂ ಇದು ಸಾಯಂಗಿಲ್ಲ ತಗೋ" ಅಂದವರು, ಆಡಿದ ಮಾತು ಉಳಿಸಿಕೊಳ್ಳುವವರ ಹಾಗೆ ತಾವೇ ಮೊದಲು ಹೋಗಿಬಿಟ್ಟರು. ಆ ಪೆಟ್ಟಿಗೆ ಗುಜರಿಯವನ ತಕ್ಕಡಿ ಏರಿದರೆ ಉಸ್ತಾದರನ್ನು ಎರಡನೇ ಸಲ ಮಣ್ಣು ಮಾಡಿದ ಹಾಗೆಯೇ ಎಂದು ದುರುಗೇಶನಿಗೆ ಅನಿಸಿತು.

"ಮಾಲಕ್ರ, ರೊಟ್ಟಿ ಚಿತ್ರಾ ನೋಡಿದ್ರ ಹೊಟ್ಟಿ ತುಂಬತೈತೇನ್ರಿ? ಇದು ದನಿಯ ಚಿತ್ರಾ. ಖರೇ ದನಿ ಅಲ್ಲೈತಿ."

"ನಿನ್ನ ಖರೇ ರೊಟ್ಟಿ ಹೊರಾಕ ಇಬ್ರು ಹಮಾಲ್ರು ಬೇಕಲ್ಲೋ!"

ಶಂಭುಲಿಂಗನ ಅಕ್ಕನ ಮಗ ವೀರೇಂದ್ರ ಕೀಬೋರ್ಡಿನ ಹುಡುಗ. ಇತ್ತೀಚೆಗೆ ಗಿಟಾರನ್ನೂ ಕಲಿಯುತ್ತಿದ್ದ, ಅಂದರೆ ತಂತಿಗಳನ್ನು ಹಿಂಸಿಸುತ್ತಿದ್ದ. ಅವನು ನಡುವೆ ಬಾಯಿ ಹಾಕಿದ: "ಮಾಮಾ, ಜಗಳ ಯಾಕ? ನಾಳೆ ಊಟ ಆದಮ್ಯಾಲೆ ಪರದೆ ಹಿಂದ ಎರಡರಾಗೂ ಬಾರ್ಸಲಿ. ಬೀಗ್ರು ಯಾವುದು ಚಲೋ ಅಂತಾರೋ ಅದು."

ಮದುವೆ ಮನೆಯಲ್ಲಿ ಗಂಡಿನ ಕಡೆಯ ಬೀಗರು ಹಗಲನ್ನು ರಾತ್ರಿ ಎಂದರೂ ಹೆಣ್ಣಿನ ಕಡೆಯವರು ದೀಪ ಹಚ್ಚಲೇಬೇಕು. ಇಬ್ಬರೂ ಒಪ್ಪಿದರು. ಪೆಡಲ್ ಗೆದ್ದರೆ ಪೆಟ್ಟಿಗೆ ಗುಜರಿಗೆ. ಪೆಟ್ಟಿಗೆ ಗೆದ್ದರೆ ಅದು ಆರ್ಕೆಸ್ಟ್ರಾದಲ್ಲಿ ಕಾಯಂ.

ರಿಪೇರಿಗೆಂದು ಹೋದ ಪೆಟ್ಟಿಗೆ ಇನ್ನೂ ಬ್ಯಾಡಗಿಯಲ್ಲೇ ಇತ್ತು. ಮರುದಿನ ಬೆಳಗ್ಗೆ ದುರುಗೇಶ ಅದನ್ನು ತರಲು ಹೋದ. ಫಕ್ಕೀರಸಾಬರ ಮನೆ ಸೋರುತ್ತಿತ್ತೆಂದು ಅವರ ಹೆಂಡತಿ ಕುಲ್ಸುಮಬಿ ಪೆಟ್ಟಿಗೆಯನ್ನು ತಾನು ಮೆಣಸಿನಕಾಯಿ ತೊಟ್ಟು ಬಿಡಿಸುವ ಉಡಚಪ್ಪನವರ ಗೋದಾಮಿನಲ್ಲೇ ಇರಿಸಿದ್ದಳು. ಮಳೆಗಾಲದಿಂದ ಸುಗ್ಗಿಯವರೆಗೆ ಅದು ಚೀಲಗಳ ನಡುವೆ ಚೀಲವಾಗಿ ಕೂತಿತ್ತು. ದುರುಗೇಶ ಒಳಗೆ ಹೋಗುವಷ್ಟರಲ್ಲಿ ಹಮಾಲರು ಅದನ್ನು ತೂಕದ ಕಾಟಾದ ಮೇಲಿಟ್ಟು "ಕೂಗ್ರಿ ರೇಟು!" ಎಂದು ನಗಾಡುತ್ತಿದ್ದರು. ಅವನು ಓಡಿಹೋಗಿ ಅದನ್ನು ತಬ್ಬಿಕೊಂಡು ಇಳಿಸಿದ.

ಕುಲ್ಸುಮಬಿ ಸೆರಗಿನಿಂದ ಪೆಟ್ಟಿಗೆಯ ತಲೆ ಒರೆಸಿದಳು. "ಬೇಟಾ, ಇದನ್ನ ತೂಕಕ್ಕ ಹಾಕಬ್ಯಾಡ ಅಂತ ನಿಮ್ಮ ಮಾಲಕಗ ಹೇಳು. ಇದು ಗುಂಯ್ ಅಂದ್ರ ಅವ್ರು ಕೆಲಸಾ ಮಾಡ್ಕೋತ ಗುನುಗಿದಂಗ ಕೇಳತೈತಿ ನನಗ."

"ನಾ ಇರೂತನಾ ಹೋಗಾಕ ಬಿಡೂದಿಲ್ಲ ಚಾಚಿ. ನೀವೂ ಮದುವಿಗೆ ಬರ್ರಿ, ಇವತ್ತ ಮುಂದ ಕುಂತು ಕೇಳ್ರಿ."

ಬಸ್ಸಿನಲ್ಲಿ ಕಂಡಕ್ಟರ್ ತಕರಾರು ತೆಗೆದ. ನಡುದಾರಿಯಲ್ಲಿ ಇಡುವಂತಿಲ್ಲ, ಸೀಟಿನ ಮೇಲೆ ಇಡುವಂತಿಲ್ಲ. "ತೊಡಿ ಮ್ಯಾಲೆ ಕುಂದರಿಸ್ಕೋ, ಇಲ್ಲಾ ನೀನೂ ಇಳಿ" ಎಂದ. ದುರುಗೇಶ ಕುಂದರಿಸಿಕೊಂಡ. ಹಾವೇರಿ ಬರುವ ಹೊತ್ತಿಗೆ ಅವನ ಕಾಲು ಅವನದಾಗಿ ಉಳಿದಿರಲಿಲ್ಲ. ಕಲ್ಯಾಣ ಮಂಟಪದ ಬಾಗಿಲಲ್ಲಿ ಯಾರೋ ಉತ್ಸಾಹಿ ಹೆಂಗಸರು ಅದನ್ನು ಮದುವೆ ಉಡುಗೊರೆಯ ಫ್ರಿಜ್ಜೆಂದು ತಿಳಿದು ಅರಿಸಿನ ಕುಂಕುಮ ಹಚ್ಚಿದರು. ಅವನು ಬೇಡವೆನ್ನಲಿಲ್ಲ. ಅಂಥ ದಿನ ದೇವರೆಂದು ಯಾರು ಬಂದರೂ ಬರಲಿ ಎನ್ನುವ ಸ್ಥಿತಿಯಲ್ಲಿ ಇದ್ದ.

ಮಧ್ಯಾಹ್ನದ ಊಟವಾಯಿತು. ವೇದಿಕೆಗೆ ತೆಳ್ಳನೆಯ ಪರದೆ ಬಿಟ್ಟರು. ಮುಂದಿನ ಸಾಲಿನಲ್ಲಿ ಹಾವೇರಿಯ ಬೀಗರು, ಅವರ ನಡುವೆ ಮದುಮಗನ ಅಜ್ಜಿ ಹೊನ್ನವ್ವ, ಬಾಯಲ್ಲಿ ಎಲೆ ಅಡಿಕೆ. ಪಕ್ಕದಲ್ಲಿ ಕೈ ಮುಗಿದುಕೊಂಡೇ ಕೂತ ಹೆಣ್ಣಿನ ತಂದೆ ಉಡಚಪ್ಪ. ಬ್ಯಾಡಗಿಯ ಹೆಂಗಸರ ಸಾಲಿನಲ್ಲಿ ಕುಲ್ಸುಮಬಿ.

ದುರುಗೇಶ ಮೊದಲು ಪೆಡಲಿನಲ್ಲಿ ಬಾರಿಸಿದ. ಹೆಣ್ಣು ಒಪ್ಪಿಸುವಾಗ ನಮ್ಮ ಕಡೆ ಹೆಂಗಸರು ಹಾಡುವ ಧಾಟಿ. ಸುಳ್ಳು ಯಾಕೆ ಹೇಳಬೇಕು, ದನಿ ಚೆನ್ನಾಗಿಯೇ ಇತ್ತು. ಗರಗರ ಇಲ್ಲ, ಗುಂಯ್ ಇಲ್ಲ, ತೊಳೆದ ತಟ್ಟೆಯಂತೆ ಸ್ವಚ್ಛ. ಹೆಸರಿಡಲು ಒಂದು ತಪ್ಪೂ ಸಿಗಲಿಲ್ಲವಲ್ಲ ಎಂದು ಅವನಿಗೆ ಅಳುವೇ ಬಂತು. ಬೀಗರು ತಲೆಯಾಡಿಸಿದರು. ಹೊನ್ನವ್ವ ಆಕಳಿಸಿದಳು.

ಆಮೇಲೆ ಪೆಟ್ಟಿಗೆಯ ಸ್ವಿಚ್ ಹಾಕಿದ. ಮಂಟಪವೆಲ್ಲ ಕಾಯಿತು, ವಾಲ್ವೂ ಕಾಯುತ್ತಿತ್ತು. "ಇದು ಕಾಯೂದ್ರಾಗ ಮದುಮಕ್ಕಳಿಗೆ ಮಕ್ಕಳಾಗ್ತಾವ" ಎಂದ ಶಂಭುಲಿಂಗ. ಎಲ್ಲರೂ ನಕ್ಕರು. ವಾಲ್ವುಗಳ ಕಾವು ಕಳೆಯಲೆಂದು ಫಕ್ಕೀರಸಾಬರು ಒಳಗೆ ಒಂದು ಸಣ್ಣ ಫ್ಯಾನು ಕೂಡಿಸಿದ್ದರು. ಅದು ತಿರುಗಿ ಬಿಸಿಗಾಳಿಯನ್ನು ಪರದೆಯತ್ತ ನೂಕತೊಡಗಿತು. ಗುಂಯ್ ಎಂಬ ದನಿ ಎದ್ದಿತು. ಉಸ್ತಾದರೇ ಬಂದು ಹಿಂದೆ ಕೂತ ಹಾಗಾಗಿ ದುರುಗೇಶನ ಕಣ್ಣು ತುಂಬಿದವು. ಅದೇ ಧಾಟಿ, ಅದೇ ಕೈ. ಬಾರಿಸುತ್ತ ಬಾರಿಸುತ್ತ ಅವನು ಮಂಟಪವನ್ನೇ ಮರೆತ.

ಪರದೆಯಾಚೆ ಮೊದಲು ಒಬ್ಬರು ಮೂಗು ಎಳೆದರು. ಮತ್ತೊಬ್ಬರು ಕೆಮ್ಮಿದರು. ನೋಡನೋಡುತ್ತಿದ್ದಂತೆ ಬೀಗರ ಸಾಲಿಗೆ ಸಾಲೇ ಕಣ್ಣೊರೆಸಿಕೊಳ್ಳತೊಡಗಿತು. ಹೊನ್ನವ್ವ "ಯವ್ವಾ, ನನ್ನ ಮದುವಿ ನೆಪ್ಪಾತು" ಎಂದು ಬಿಕ್ಕಿದಳು. ಬ್ಯಾಡಗಿಯವನಾದ ಉಡಚಪ್ಪನಿಗೆ ಮಾತ್ರ ಒಂದು ಹನಿಯೂ ಬರಲೊಲ್ಲದು. ಬೀಗರೆಲ್ಲ ಅಳುವಾಗ ಹೆಣ್ಣಿನ ಅಪ್ಪ ಒಣಗಣ್ಣಲ್ಲಿ ಕೂತರೆ ಹೇಗೆ? ಪಾಪ, ಶಾಲಿನಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಸಿದ.

ಪರದೆ ಸರಿಯಿತು. ಬ್ಯಾಡಗಿಯ ಸಾಲಿನಲ್ಲಿ ಕುಲ್ಸುಮಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಎರಡನೇದು, ಎರಡನೇದು!" ಎಂದು ಕೂಗಿದರು. ದುರುಗೇಶನ ಎದೆ ಉಬ್ಬಿತು.

ಹೊನ್ನವ್ವ ಅವನನ್ನು ಹತ್ತಿರ ಕರೆದಳು. "ತಮ್ಮಾ, ಮೊದಲ್ನೇ ಸಲ ಏನೂ ಅನಿಸಲಿಲ್ಲ, ಎರಡನೇ ಸಲ ಕರಳು ಕಿತ್ತು ಬಂತು. ಎಂಥಾ ಕೈಗುಣ ನಿಂದು!"

ಅಲ್ಲಿ "ನಿಮ್ಮ ಆಶೀರ್ವಾದ್ರಿ" ಎಂದು ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಗುರುಭಕ್ತಿ ತಲೆಗೇರಿದವನಿಗೆ ಬುದ್ಧಿ ಎಲ್ಲಿಂದ ಬರಬೇಕು?

"ಕೈ ನಂದಲ್ರಿ ಅಮ್ಮಾ! ಎರಡರಾಗೂ ಬಾರ್ಸಿದ್ದು ಇದ ಕೈ ಅಲ್ರಿ? ಎಲ್ಲಾ ಪೆಟ್ಟಿಗೀದು. ನಮ್ಮ ಉಸ್ತಾದ್ರ ಪೆಟ್ಟಿಗಿಗೆ ಯಾರು ತಂತಿ ಹಚ್ಚಿದ್ರೂ ಹಿಂಗ ಹಾಡತೈತಿ."

ಶಂಭುಲಿಂಗ ಅದನ್ನು ಕಿವಿಯಲ್ಲಿ ಅಲ್ಲ, ಲೆಕ್ಕದಲ್ಲಿ ಕೇಳಿಸಿಕೊಂಡ. ಅವನನ್ನು ಮೂಲೆಗೆ ಕರೆದೊಯ್ದು ಹೆಗಲ ಮೇಲೆ ಕೈಯಿಟ್ಟ.

"ದುರುಗೇಶಾ, ನೀ ಗೆದ್ದಿ. ಪೆಟ್ಟಿಗಿ ಕಾಯಂ. ಆದ್ರ ಟೆಂಪೋದಾಗ ಜಾಗಾ ಬೇಕಲ್ಲಪಾ, ಒಬ್ಬಾವ ಕಡಿಮಿ ಆಗಬೇಕು. ಯಾರು ಹಚ್ಚಿದ್ರೂ ಹಾಡತೈತಿ ಅಂತ ನೀನ ಅಂದಿ. ಇವತ್ತ ಸಂಜಿ ಪ್ರೋಗ್ರಾಮಿಗೇ ನಮ್ಮ ವೀರೇಂದ್ರ ಹಚ್ಚಲಿ. ಅಕ್ಕನೂ ಬಾಳ ದಿನದಿಂದ ಜೀವಾ ತಿನ್ನಾಕತ್ತಾಳ."

ಶಂಭುಲಿಂಗ ಕಟುಕನೇನಲ್ಲ. "ಖಾಲಿ ಕೈಲೆ ಹೋಗಬ್ಯಾಡ" ಎಂದು ಪೆಡಲನ್ನೇ ಅವನ ಕೈಗಿತ್ತ. "ಇದು ಇನ್ನ ನಮಗ್ಯಾಕ ಬೇಕು?"

ಹೋಗುವ ಮೊದಲು ಕೊನೆಯ ಸಲ ನೋಡಬೇಕೆನಿಸಿ ದುರುಗೇಶ ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದ. ವಾಲ್ವುಗಳ ಬುಡದಲ್ಲಿ ಸುಟ್ಟು ಕರಿಯಾದ ಮೆಣಸಿನಕಾಯಿ ಬೀಜ. ಮೂಲೆಯಲ್ಲಿ ಒಂದಿಷ್ಟು ಕೆಂಪು ಧೂಳು, ಅದೂ ಹುರಿದುಹೋದದ್ದು. ಮೂಗಿಗೆ ತಂದ. ಒಂದೇ ಸೀನಿಗೆ ಎಲ್ಲವೂ ತಿಳಿಯಿತು. ಗೋದಾಮಿನಲ್ಲಿ ಕೂತಾಗ ಒಳಹೊಕ್ಕ ಪುಡಿ ವಾಲ್ವಿನ ಕಾವಿಗೆ ಹುರಿದು ಘಾಟೆದ್ದಿತ್ತು. ಫ್ಯಾನು ಅದನ್ನು ಬೀಗರ ಮುಖಕ್ಕೆ ಊದಿತ್ತು. ಉಡಚಪ್ಪನಿಗೆ ಆ ಘಾಟು ಉಸಿರಾಡುವ ಗಾಳಿ, ಅದಕ್ಕೇ ಅವನ ಕಣ್ಣು ಒದ್ದೆಯಾಗಲಿಲ್ಲ. ಹಾವೇರಿಯವರು ವಾಸನೆ ಬಂದರೂ ಬ್ಯಾಡಗಿ ಬೀಗರ ಬಟ್ಟೆಯದೆಂದು ಮರ್ಯಾದೆಗೆ ಸುಮ್ಮನಿದ್ದರು.

ಅವನು ಅಲ್ಲೇ ಕುಕ್ಕರಿಸಿ ಕೂತ. ಈಗಲೇ ಹೋಗಿ ನಿಜ ಹೇಳಿದರೆ ಪೆಡಲ್ ವಾಪಸು ವೇದಿಕೆಗೆ, ಅದರ ಹಿಂದೆ ತಾನೂ ವಾಪಸು. ಪೆಟ್ಟಿಗೆ ಮಾತ್ರ ನಾಳೆ ಗುಜರಿಗೆ. ಹೇಳದಿದ್ದರೆ ತಾನು ಮನೆಗೆ. ಇನ್ನೊಂದು ಸಂಕಟವೂ ಇತ್ತು: ಪುಡಿಯೆಲ್ಲ ಸುಟ್ಟುಹೋಗಿತ್ತು. ಸಂಜೆ ವೀರೇಂದ್ರ ಬಾರಿಸಿದಾಗ ಯಾರೂ ಅಳದಿದ್ದರೆ ಶಂಭುಲಿಂಗ ಪೆಟ್ಟಿಗೆಯನ್ನು ಉಳಿಸುವನೇ?

ಎದ್ದು ಅಡುಗೆಮನೆಗೆ ಹೋದ.

"ಒಂದು ಹಿಡಿ ಖಾರಪುಡಿ ಕೊಡ್ರಿ."

"ಯಾಕ, ಪಲ್ಯಾ ಸಪ್ಪಗಾಗೈತೇನು?" ಎಂದ ಅಡುಗೆಯವ.

"ಇನ್ನ ಮ್ಯಾಲೆ ಆಗತೈತ್ರಿ" ಎಂದು ದುರುಗೇಶ ಬೊಗಸೆ ಒಡ್ಡಿದ. ಯಾರೂ ಇಲ್ಲದಾಗ ಅದನ್ನು ವಾಲ್ವುಗಳ ಸುತ್ತ ಉದುರಿಸಿ, ಗುರುವಿನ ಕಾಲಿಗೆ ಎರಗುವಂತೆ ಹಣೆ ಹಚ್ಚಿ, ಹಲಗೆ ಮುಚ್ಚಿದ.

ಸಂಜೆ ವೀರೇಂದ್ರ ಬಾರಿಸಿದ. ಬೆರಳು ಒಂದು ಕಡೆ, ಸ್ವರ ಒಂದು ಕಡೆ, ತಾಳ ಊರಾಚೆ. ಮಂಟಪ ಮಾತ್ರ ಗಳಗಳ ಅತ್ತಿತು. ಹೊನ್ನವ್ವ ಎದ್ದು ನಿಂತು ದೃಷ್ಟಿ ತೆಗೆದಳು. ಉಡಚಪ್ಪ ಒಣಗಣ್ಣು ಒರೆಸಿಕೊಳ್ಳುತ್ತಲೇ ವೀರೇಂದ್ರನಿಗೆ ಶಾಲು ಹೊದಿಸಿದ. ದುರುಗೇಶ ಘಾಟು ತಾಗದ ದೂರದಲ್ಲಿ, ಹೊರಗಿನ ಮೆಟ್ಟಿಲ ಮೇಲೆ, ಪೆಡಲನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದ. ಪೆಟ್ಟಿಗೆ ಉಳಿಯಿತು ಎಂದು ಸಮಾಧಾನವೂ ಆಯಿತು, ತಡೆಯಲಾರದಷ್ಟು ದುಃಖವೂ ಆಯಿತು.

ಒಳಗಿಂದ ಕುಲ್ಸುಮಬಿ ಎದ್ದು ಬಂದಳು. ಅವಳ ಕಣ್ಣು ಒಣಗಿತ್ತು.

"ಯಾಕ ಚಾಚಿ, ಎದ್ದು ಬಂದ್ರಿ? ಎಲ್ಲಾರೂ ಅಳಾಕತ್ತಾರ."

"ಹುಟ್ಟಿದಾಗಿಂದ ಮೆಣಸಿನಕಾಯಿ ನಡುವ ಅದೇನಿ ಬೇಟಾ. ಅದು ಯಾವ ಅಳು ಅಂತ ನನಗ ಗೊತ್ತಾಗೂದಿಲ್ಲೇನು? ನೀನ ಹಾಕೀದೇನು?"

ದುರುಗೇಶ ತಲೆ ತಗ್ಗಿಸಿದ. "ಪೆಟ್ಟಿಗಿ ಉಳೀಬೇಕಾಗಿತ್ತು ಚಾಚಿ. ಮಧ್ಯಾಹ್ನಾನೂ ಖಾರದ ಘಾಟ ಗೆದ್ದಿದ್ದು. ನನ್ನ ಕೈಯಾಗೂ ಏನಿಲ್ಲ, ಪೆಟ್ಟಿಗ್ಯಾಗೂ ಏನಿಲ್ಲ. ಆಗ ನೀವೂ ಕಣ್ಣು ಒರೆಸಿಕೊಂಡ್ರಿ, ನೋಡೀನಿ."

"ಹುಚ್ಚಪ್ಪಾ, ನನ್ನ ಕಣ್ಣಿಗೆ ಘಾಟು ಹತ್ತತೈತೇನು?" ಎಂದಳು ಕುಲ್ಸುಮಬಿ. "ಮಧ್ಯಾಹ್ನ ನೀ ಬಾರ್ಸಿದಾಗ ಅವ್ರು ಬಂದಿದ್ರು. ಈಗ ಪೆಟ್ಟಿಗಿ ಐತಿ, ಅವ್ರು ಇಲ್ಲ. ಕುಂದ್ರಾಕ ಆಗಲಿಲ್ಲ."

ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ದಾರಿಯಲ್ಲಿ ಅವಳು ಅವನ ಕಂಕುಳಲ್ಲಿದ್ದ ಪೆಡಲನ್ನು ಮುಟ್ಟಿ ನೋಡಿದಳು.

"ಏನೈತಿ ಇದ್ರಾಗ?"

"ಲೋಕದಾಗಿನ ಪೆಟ್ಟಿಗಿ ಎಲ್ಲಾ ಅದಾವಂತ ಚಾಚಿ."

"ಹೌದಾ? ಹಂಗಾದ್ರ ಮನೀಗೆ ಹೋದಮ್ಯಾಲೆ ನಮ್ಮವ್ರದು ಹಚ್ಚು, ಒಂದೀಟು ಕೇಳೂನು."

ಬ್ಯಾಡಗಿ ಬಸ್ಸು ಬಂತು. ದುರುಗೇಶ ಅವಳ ಕೈ ಹಿಡಿದು ಹತ್ತಿಸಿದ, ಸೀಟು ಹಿಡಿದು ಕೂಡಿಸಿದ. ಪೆಡಲಿಗೆ ತೊಡೆಯ ಮೇಲೆ ಬೇಕಾದಷ್ಟು ಜಾಗವಿತ್ತು.

"ಅದೊಂದ ಇಲ್ಲ ಚಾಚಿ" ಎಂದ.