ತಪ್ಪನ್ನು ಕ್ಷಮಿಸುವ ಫೈಲು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಕೆ.ಆರ್. ಪುರದ ನಮ್ಮ ಪ್ರಯೋಗಾಲಯದ ಮೂರನೇ ಮಹಡಿಯಲ್ಲಿ, ಕಂಪ್ಯೂಟರಿಗೆ ಮುಖ ಮಾಡಿ, ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆ. ಕಿಟಕಿಯ ಕೆಳಗೆ ಮೀನಿನ ಕೊಳ. ನಾನು ಬೆನ್ನು ಮಾಡಿದ್ದೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಸೆಲ್ವಿಯ ಪಿಎಚ್.ಡಿ. ಆ ಮೀನುಗಳ ಮೇಲೆಯೇ ನಿಂತಿತ್ತು. ನೀರಿನಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅಳೆದು, ಕೊಳದ ಬಳಿಯಿಂದಲೇ ಲ್ಯಾಪ್‌ಟಾಪಿನಲ್ಲಿ ಡೇಟಾ ಫೈಲಿಗೆ ಅವಳು ಕೈಯಾರೆ ಸೇರಿಸುತ್ತಿದ್ದಳು. ಅಂಕಿ ಇಳಿದರೆ ನನ್ನ ಪ್ರೋಗ್ರಾಂ ಗಾಳಿ ಪಂಪನ್ನು ಶುರು ಮಾಡುತ್ತಿತ್ತು; ಪಂಪಿನ ಸ್ವಿಚ್ಚೂ ಮೇಲೆ ನನ್ನ ಬಳಿಯೇ ಇತ್ತು. ಆದರೆ ಒಂದು ಅಲ್ಪವಿರಾಮ ತಪ್ಪಿದರೂ ಫೈಲನ್ನು ಓದದೆ, ಮಹಡಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು.

ಮನುಷ್ಯರ ಮೇಲೆ ಯಂತ್ರದ ಈ ದಬ್ಬಾಳಿಕೆ ನನಗೆ ಸಹಿಸಲಾಗಲಿಲ್ಲ. ಭಾನುವಾರ ಕೂತು ತಿದ್ದಿದೆ. ಅಲ್ಪವಿರಾಮ ಬಿಟ್ಟುಹೋದರೆ ತಾನೇ ಹಾಕಿಕೊಳ್ಳುತ್ತದೆ. ಅಂಕಿಯ ಜಾಗದಲ್ಲಿ ಅರ್ಥವಾಗದ್ದೇನಾದರೂ ಇದ್ದರೆ ಕೈತಪ್ಪೆಂದು ಭಾವಿಸಿ, ಮೇಲಿನ ಸಾಲಿನ ಅಂಕಿಯನ್ನೇ ಬಳಸುತ್ತದೆ. ಕ್ಷಮೆಯೇ ಕ್ಷಮೆ!

ಮಂಗಳವಾರ ಅದನ್ನೇ ನಮ್ಮ ಮುಖ್ಯಸ್ಥೆ ಶಾರದಾ ಮೇಡಂಗೆ ತೋರಿಸುತ್ತಿದ್ದೆ.

"ಇನ್ಮೇಲೆ ಕಿರುಚಲ್ವೇನ್ರೀ?" ಎಂದರು.

"ಆ ಪ್ರಶ್ನೆಯೇ ಇಲ್ಲ ಮೇಡಂ. ಏನ್ ಬರೆದ್ರೂ ಹೊಟ್ಟೆಗೆ ಹಾಕ್ಕೊಳ್ಳುತ್ತೆ. ನೋಡಿ, ಸೆಲ್ವಿ ಈಗಷ್ಟೇ ಏನೋ ಸೇರಿಸಿದ್ಳು. ಹಸಿರು ದೀಪ!"

ಅವಳು ಮತ್ತೆ ಸೇರಿಸಿದಳು. ಮತ್ತೆ ಹಸಿರು. ಮತ್ತೊಮ್ಮೆ. ಹಸಿರು! ಮೇಡಂ ಮೆಚ್ಚಿ ತಲೆದೂಗಿದರು.

ಆಗ ಬಾಗಿಲು ದಡಾರನೆ ತೆರೆಯಿತು. ಸೆಲ್ವಿ, ಮೊಣಕಾಲವರೆಗೆ ಒದ್ದೆ.

"ಏನ್ ಸರ್ ನೀವು! ಮೀಟರ್ ಕೆಟ್ಟೋಗಿದೆ, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ! ಪಂಪ್ ಹಾಕಿ ಅಂತ ಎಷ್ಟು ಸಲ ಬರೀಲಿ?"

"ಎಲ್ಲಿ ಬರೆದೆ?"

"ಫೈಲಲ್ಲೇ! ನೀವೇನು ಫೋನ್ ಎತ್ತೋ ಆಸಾಮಿನಾ? ಅಂಕಿ ಜಾಗದಲ್ಲಿ ಏನಾದ್ರೂ ಗೀಚಿದ್ರೆ ಅದು ಕಿರುಚ್ಕೊಳ್ಳೋದು, ನೀವು ಓಡ್ಬರೋರು. ಇಷ್ಟು ದಿನ ನಿಮ್ಮನ್ನ ಹಂಗೇ ಕರೀತಿದ್ದದ್ದು!"

ಇಷ್ಟು ದಿನ ನಾನು ಕೈತಪ್ಪೆಂದು ಮರುಗುತ್ತಿದ್ದದ್ದು ನನ್ನದೇ ಕರೆಗಂಟೆ!

ಫೈಲು ತೆರೆದೆ. ಕೊನೆಯ ಸಾಲಿನಲ್ಲಿ ಅವಳು ಬರೆದಿದ್ದಳು: "ಅಯ್ಯೋ ಸಾಯ್ತಿವೆ." ಪಕ್ಕದಲ್ಲಿ ನನ್ನ ಪ್ರೋಗ್ರಾಂ ವಿನಯದಿಂದ ನಮೂದಿಸಿತ್ತು: "ಸಣ್ಣ ತಪ್ಪು, ಸರಿಪಡಿಸಲಾಗಿದೆ. ಆಮ್ಲಜನಕ ತೃಪ್ತಿಕರ."

ಪಂಪು ಹಾಕಿದೆವು. ಕೊಳದ ಮಟ್ಟಿಗೆ ತಡವಾಗಿತ್ತು. ಸೆಲ್ವಿಯ ಪ್ರಯೋಗ ಈಗ ಮೊದಲಿನಿಂದ ಶುರುವಾಗಬೇಕು.

ಇದನ್ನು ಕಣ್ಣಾರೆ ಕಂಡು ಇಂದಿಗೂ ಬದುಕಿರುವವರು: ಶಾರದಾ ಮೇಡಂ, ನನ್ನ ಜೊತೆ ಮಾತು ಬಿಟ್ಟಿರುವ ಸೆಲ್ವಿ, ಮತ್ತು ಒಂದು ಕಾಟ್ಲಾ ಮೀನು. ನಾನು ದಡಕ್ಕೆ ಹೋದರೆ ಅದು ಬುಳಕ್ಕನೆ ತಳಕ್ಕಿಳಿಯುತ್ತದೆ.