ಸೊಳೆ ಭರಣಿಗೆ ಬಾವಿ ನೀರು ಹೊಯ್ದ ಸೊಸೆಯ ವಿನಂತಿ

ಇಂದ,
ಚೈತನ್ಯಾ,
ಸಂಶೋಧನಾ ವಿದ್ಯಾರ್ಥಿನಿ ಮತ್ತು ಸೊಸೆ,
ಹಿಂದಿನ ಜಗಲಿ, ಈಶ್ವರಮಂಗಲ.

ಗೆ,
ಶ್ರೀಮತಿ ಪರಮೇಶ್ವರಿ ಅತ್ತೆಯವರು,
ಭರಣಿ, ಉಪ್ಪಿನಕಾಯಿ ಹಾಗೂ ಹಪ್ಪಳ ವಿಭಾಗದ ಮುಖ್ಯಸ್ಥರು,
ಅಡುಗೆಮನೆ, ಅದೇ ಮನೆ.

ಮಾನ್ಯರೇ,

ವಿಷಯ: ನನ್ನೊಡನೆ ನೇರವಾಗಿ ಮಾತಾಡುವುದನ್ನು ಪುನರಾರಂಭಿಸುವ ಕುರಿತು.
ಉಲ್ಲೇಖ: ಕಳೆದ ಸೋಮವಾರ ಭರಣಿಯ ಮುಚ್ಚಳ ತೆಗೆದು ತಾವು ನನ್ನನ್ನು ನೋಡಿದ ನೋಟ.

೧. ಎಣ್ಣೆ ಕಲ್ಲಿಗೆ ಯಾಕೆ ಅಂಟುತ್ತದೆ, ಎಂಥ ನೀರು ಹೊಯ್ದರೆ ಬಿಡುತ್ತದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಇದನ್ನು ಮದುವೆ ಮಾತುಕತೆಯಲ್ಲೇ ತಿಳಿಸಲಾಗಿತ್ತು. ಆಗ ತಾವು, "ಪಾತ್ರೆ ತೊಳಿಲಿಕ್ಕೆ ಉಪಕಾರ ಆದೀತು" ಎಂದಿದ್ದಿರಿ.

೨. ನೀರಿನೊಳಗೆ ಕಲ್ಲಿನ ಮೈಗೂ ಎಣ್ಣೆಯ ಮೈಗೂ ಒಂದೇ ಬಗೆಯ ವಿದ್ಯುತ್ತು ಇರುವ ಕಾರಣ ಅವು ಒಂದನ್ನೊಂದು ದೂಡುತ್ತವೆ. ನೀರು ಉಪ್ಪಾದಷ್ಟೂ ಈ ದೂಡಾಟ ಕುಗ್ಗುತ್ತದೆ. ಮೇಲಾಗಿ ಉಪ್ಪಿನೊಡನೆ ಬಂದ ಕ್ಯಾಲ್ಸಿಯಂ ಒಂದು ಕೈಯಲ್ಲಿ ಕಲ್ಲನ್ನೂ ಇನ್ನೊಂದರಲ್ಲಿ ಎಣ್ಣೆಯನ್ನೂ ಹಿಡಿದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಸದ್ಯ ಈ ಕೆಲಸವನ್ನು ತಮ್ಮ ಮಗ ಪ್ರಸನ್ನ ಮಾಡುತ್ತಿದ್ದಾರೆ.

೩. ಪುತ್ತೂರಿನ ಪ್ರಯೋಗಾಲಯದ ಉಪ್ಪುನೀರು ಮುಗಿದಿದ್ದ ಕಾರಣ, ಬಸ್ಸಿನ ಗಡಿಬಿಡಿಯಲ್ಲಿ, ಮಳೆಗಾಲಕ್ಕೆಂದು ತಾವು ಹಲಸಿನ ಸೊಳೆಯನ್ನು ಉಪ್ಪಿನಲ್ಲಿಟ್ಟಿದ್ದ ಭರಣಿಯಿಂದ ಒಂದು ಕ್ಯಾನ್ ನೀರು ತೆಗೆದೆನು. ಇಳಿದದ್ದು ಗೊತ್ತಾಗಬಾರದೆಂದು ಅಷ್ಟೇ ಬಾವಿ ನೀರು ಹೊಯ್ದೆನು. ಪುತ್ತೂರಿನಲ್ಲಿ ಆ ಉಪ್ಪುನೀರಿಗೆ ಸಪ್ಪೆ ನೀರು ಬೆರೆಸುತ್ತ ಹೋದಂತೆ ಎಣ್ಣೆ ಕಲ್ಲನ್ನು ಚಂದಕ್ಕೆ ಬಿಟ್ಟಿತು. ಮನೆಯಲ್ಲಿ ಅದೇ ಬೆರಕೆಯಿಂದ ಸೊಳೆ ಕೊಳೆಯಿತು. ಗೈಡ್ ಭೇಷ್ ಅಂದರು. ತಾವು ಏನೂ ಅನ್ನಲಿಲ್ಲ.

೪. ಅಂದಿನಿಂದ ನಾನು ಎದುರಿಗೇ ನಿಂತಿದ್ದರೂ ತಾವು, "ಪ್ರಸನ್ನ, ಕಾಫಿ ಆಯ್ತು ಅಂತ ಅವಳತ್ರ ಹೇಳು" ಎನ್ನುತ್ತೀರಿ. ಅವರು ನನ್ನತ್ತ ತಿರುಗಿ, "ಕಾಫಿ ಆಯ್ತಂತೆ" ಎನ್ನುತ್ತಾರೆ. ಸಕ್ಕರೆ ಸಾಲದೆಂದು ತಿಳಿಸಿ ಅಂದರೆ, "ಅದು ನೀನೇ ಹೇಳು ಮಾರಾಯ್ತಿ, ನನಗೆ ಜೀವದ ಆಸೆ ಉಂಟು" ಎಂದು ಎದ್ದು ಹೋಗುತ್ತಾರೆ. ಬೈದಿದ್ದರೆ ಇಷ್ಟರಲ್ಲಿ ಮುಗಿದಿರುತ್ತಿತ್ತು. ಈ ಮೌನ ನನ್ನಿಂದ ತಡೆಯಲಾಗುವುದಿಲ್ಲ ಅತ್ತೆ, ಅಡುಗೆಮನೆಗೆ ಕಾಲಿಡಲು ಹೆದರಿಕೆಯಾಗುತ್ತದೆ.

೫. ಆದ್ದರಿಂದ, ನೆರೆಮನೆಯ ಸಿದ್ದೀಕರ ಮರದಲ್ಲಿ ಉಳಿದಿದ್ದ ಕೊನೆಯ ಹಲಸಿನಕಾಯಿಯನ್ನು ಕೇಳಿ ತಂದು, ಇಂದು ಮಧ್ಯಾಹ್ನ ತಾವು ಮಲಗಿದ್ದಾಗ ನಾನೇ ಕೊಯ್ದಿರುತ್ತೇನೆ. ಕೊಯ್ಯುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಹಚ್ಚಿಕೊಳ್ಳಬೇಕೆಂಬುದು, ಎಣ್ಣೆಯ ಮೇಲೆಯೇ ಸಂಶೋಧನೆ ಮಾಡುತ್ತಿರುವ ನನಗೆ ಹೊಳೆಯದೇ ಹೋಯಿತು. ಹಲಸಿನ ಅಂಟುಮೇಣ ಮೊಣಕೈವರೆಗೆ ಹತ್ತಿದೆ. ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಈಗ ಪೆನ್ನೂ ಬಿಡುತ್ತಿಲ್ಲ.

ಆದ ಕಾರಣ, ತಾವು ತೆಂಗಿನೆಣ್ಣೆಯ ಕುಪ್ಪಿಯನ್ನು ಪ್ರಸನ್ನ ಅವರ ಕೈಯಲ್ಲಿ ಕಳುಹಿಸದೆ, ಖುದ್ದಾಗಿ ನನ್ನ ಕೈ ಹಿಡಿದು ಮೇಣ ಉಜ್ಜಿ ತೆಗೆಯಬೇಕಾಗಿಯೂ, ಅಷ್ಟು ಹೊತ್ತೂ ನನ್ನನ್ನು ಬಾಯ್ತುಂಬ ಬೈಯಬೇಕಾಗಿಯೂ ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸವನ್ನು ಮರಳಿ ಬಯಸುವ,
ಚೈತನ್ಯಾ

ಲಗತ್ತುಗಳು:
೧. ಹೊಸ ಸೊಳೆ, ಒಂದು ಬುಟ್ಟಿ. ಉಪ್ಪು ಎಷ್ಟೆಂದು ತಾವೇ ಹೇಳಬೇಕು.
೨. ಅರ್ಜಿ ಕೈಗೆ ಅಂಟಿಕೊಂಡಿರುವ ಕಾರಣ, ಅರ್ಜಿದಾರಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ.